ಈ ವರ್ಷದ ಉಪ್ಪುಮೀನು

ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದ ಆ ಊರಿನಲ್ಲಿ ಅರ್ಧಕ್ಕರ್ಧ ಜನ ಇಟಲಿಯಿಂದ ಹಡಗು ಹತ್ತಿ ಬಂದವರ ಮರಿಮಕ್ಕಳು. ಅವರ ಸಂಘದಲ್ಲಿ ಚಳಿಗಾಲಕ್ಕೊಮ್ಮೆ ಬಾನ್ಯಾ ಕೌಡಾ ಊಟ. ಬೆಳ್ಳುಳ್ಳಿ, ಉಪ್ಪುಮೀನು ಎಣ್ಣೆಯಲ್ಲಿ ಕರಗಿಸಿದ ಬಿಸಿ ಗೊಜ್ಜಿಗೆ ಎಲ್ಲರೂ ತರಕಾರಿ ಅದ್ದಿ ತಿನ್ನುವುದು. ಮೀನು ಮಾತ್ರ ಸಂಘದ್ದಲ್ಲ. ಆ ವರ್ಷ ಯಾರಿಗೆ ಇಟಲಿಯ ಪೌರತ್ವ ಬಂತೋ ಅವರದ್ದು. ಅರ್ಜೆಂಟೀನಾದ್ದನ್ನು ಬಿಡದೆ ಎರಡನೆಯದನ್ನೂ ಗಿಟ್ಟಿಸಿಕೊಂಡವರು ಅಷ್ಟೂ ಕೊಡದಿದ್ದರೆ ಊರು ಆಡಿಕೊಳ್ಳುತ್ತದೆ.

ಅಡುಗೆಮನೆಯಲ್ಲಿ ನೆಲಿದಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಸಂಘದ ಹಳೆಯ ಅಡುಗೆಯವಳು ಇರ್ಮಾ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ನಿಮ್ಮಣ್ಣ ಕೈ ಬಿಗಿ ಹಿಡಿದಿಲ್ಲ ಕಣೇ. ಎಂಥ ಒಳ್ಳೇ ಮೀನು ತಂದಿದಾನೆ ನೋಡು," ಅಂದಳು ಇರ್ಮಾ.

"ನಮ್ಮಣ್ಣ ಯಾಕೆ ತರ್ತಾನೆ? ನಮ್ಮದಿನ್ನೂ ಆಗಿಲ್ವಲ್ಲ."

ಇರ್ಮಾಳ ಕೈ ನಿಂತಿತು. "ಅವನದೂ ಅವನ ಹುಡುಗರದೂ ಹೋದ ವರ್ಷವೇ ಬಂತಲ್ಲೇ. ಅಷ್ಟರಲ್ಲಿ ಆ ವರ್ಷದ ಊಟ ಆಗಿಹೋಗಿತ್ತು, ಅದಕ್ಕೆ ಈ ಸಲ ತಂದ. ಯಾರಿಗೂ ಹೇಳ್ಬೇಡ ಅಂದಿದ್ದ. ನಿನಗೂ ಹೇಳಿಲ್ಲ ಅಂತ ನಂಗೇನು ಗೊತ್ತು?"

ನೆಲಿದಾ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. ಪೌರತ್ವ ಕೇಳಲು ಬೇಕಿದ್ದ, ಇಟಲಿಯಲ್ಲಿ ಹುಟ್ಟಿದ ಮುತ್ತಜ್ಜ ಬತ್ತಿಸ್ತಾನ ಜನನದ ದಾಖಲೆ ಹುಡುಕಿದವಳು ಅವಳು. ಇಟಲಿಯ ಪಿಯೆಮೊಂತೆ ಸೀಮೆಯ ಕುಗ್ರಾಮವೊಂದರ ಪಾದ್ರಿಗೆ, ಅಜ್ಜಿ ಕಲಿಸಿದ ಅಲ್ಲಿನ ಹರಕುಮುರುಕು ಭಾಷೆಯಲ್ಲಿ ಬರೆದು ಬರೆದು ಬೆನ್ನು ಬಿಡದವಳು. ಸಿಕ್ಕಿದ್ದನ್ನು ಅಣ್ಣ ರೊಡೊಲ್ಫೊನ ಕೈಗಿಟ್ಟಳು. ಇಟಲಿ ಕಾನ್ಸುಲೇಟಿಗೆ ಅರ್ಜಿ ಹಾಕುವ ಓಡಾಟ ಅವನದು. ಭಾನುವಾರ ಬಂದರೆ ಅವಳು ಮಾಡಿದ ರಾವಿಯೋಲಿ ಕಡುಬು ತಿಂದು, "ಇನ್ನೂ ಕರೆದಿಲ್ಲ, ತಾಳು" ಎನ್ನುತ್ತಿದ್ದ. ಅತ್ತ ಇಟಲಿಯ ಟೊರಿನೊದಲ್ಲಿ ಅವಳ ಮಗಳು ಮಿಕಾಯೆಲಾ ವಾಸದ ಪರವಾನಗಿ ಇಲ್ಲದೆ ಮುದುಕಿಯೊಬ್ಬಳ ಆರೈಕೆಗೆ ನಿಂತು, ಪೊಲೀಸರನ್ನು ಕಂಡರೆ ರಸ್ತೆ ದಾಟಿಕೊಂಡು ಬದುಕಿದ್ದಳು. ತನ್ನಪ್ಪ ಸತ್ತಾಗಲೂ ಊರಿಗೆ ಬರಲಿಲ್ಲ. ಬಂದರೆ ಇಟಲಿಯೊಳಗೆ ಮತ್ತೆ ಬಿಡುವುದಿಲ್ಲ. ಈ ಮಾರ್ಚಿನಲ್ಲಿ ಅಲ್ಲಿನ ಕಾನೂನು ಬದಲಾಯಿತು, ಮುತ್ತಜ್ಜನ ಹೆಸರಿನಲ್ಲಿ ಹೊಸದಾಗಿ ಕೇಳುವಂತಿಲ್ಲ. ಅವತ್ತೂ ಅಣ್ಣ, "ನಮ್ಮ ಅರ್ಜಿ ಮೊದಲೇ ಹೋಗಿದೆ, ಹೆದರಬೇಡ" ಅಂದಿದ್ದ. ಊರಿಗೆ ಹೆದರಿ ಮೀನು ಕೊಟ್ಟ, ತಂಗಿಗೆ ಹೆದರಲಿಲ್ಲ.

ಅಂಗಳದಲ್ಲಿ ವೈನಿನ ಲೋಟ ಹಿಡಿದು ನಗುತ್ತಿದ್ದ ಅಣ್ಣನ ಎದುರು ಹೋಗಿ ನಿಂತಳು.

"ಅರ್ಜೀಲಿ ನಂದೂ ಮಿಕಾಯೆಲಾದೂ ಹೆಸರು ಹಾಕಿದ್ಯೋ ಇಲ್ವೋ?"

ಅವನು ಲೋಟದೊಳಗೆ ನೋಡಿದ. "ಹೆಸರು ಜಾಸ್ತಿ ಆದ್ರೆ ಎಲ್ಲಾರ್ದೂ ನಿಧಾನ ಅಂದ್ರು. ಮೊದ್ಲು ನಮ್ಮದಾಗ್ಲಿ, ಆಮೇಲೆ ನಿನ್ನದು ಅಂದ್ಕೊಂಡೆ. ಕಾನೂನು ಬದಲಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನಿನಗೆ ಬಂದಾಗ ಬದಲಾಗಿರ್ಲಿಲ್ಲ. ಅವತ್ತೇ ಬಾಯಿಬಿಟ್ಟಿದ್ರೆ ನಾನೇ ಹೋಗಿ ಕಾನ್ಸುಲೇಟಿನ ಬಾಗಿಲು ಬಡೀತಿದ್ದೆ."

"ಹೇಳೋಕೆ ಮುಖ ಇರ್ಲಿಲ್ಲ ನೆಲಿದಾ."

"ರಾವಿಯೋಲಿ ತಿನ್ನೋಕೆ ಇತ್ತು."

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಸಮಾಧಾನ ಮಾಡುವವನಂತೆ, "ಬರೋ ತಿಂಗಳು ಟೊರಿನೊಗೆ ಹೋಗ್ತಿದೀನಿ. ಹುಡುಗೀನ ನೋಡ್ಕೊಂಡು ಬರ್ತೀನಿ. ಏನಾದ್ರೂ ಕಳಿಸೋದಿದ್ರೆ ಕೊಡು," ಅಂದ.

"ಏನೂ ಇಲ್ಲ," ಅಂದಳು ನೆಲಿದಾ. "ನೀನು ಬರೋದು ಅವಳಿಗೆ ಹೇಳ್ತೀನಿ, ಅಷ್ಟೇ. ಮಾವ ಪೌರತ್ವದ ಕಾಗದ ತರ್ತಿದಾನೆ ಅಂದ್ಕೊಂಡು ಸ್ಟೇಷನ್ನಿಗೆ ಓಡಿ ಬರ್ತಾಳೆ. ತಂದಿಲ್ಲ ಅಂತ ನೀನೇ ಹೇಳು."