ಯಾರ ಪಾಲಿಗೂ ಬಾರದ ಶಾಫ್ಟು

ನಮ್ಮ ಅತ್ತೆಯ ಮಂಚದ ಕೆಳಗೆ ಒಂದು ಕಬ್ಬಿಣದ ಶಾಫ್ಟು ಇರುತ್ತಿತ್ತು. ಉಳಿದ ಮುದುಕಿಯರು ಮಂಚದ ಕೆಳಗೆ ಹಳೆಯ ಟ್ರಂಕು ಇಟ್ಟುಕೊಂಡರೆ, ನಮ್ಮ ಅತ್ತೆ ಗ್ರೀಸು ಮೆತ್ತಿದ ಆ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಅದಕ್ಕೆ ಕಾರಣ ನನ್ನ ಗಂಡ ಮತ್ತು ಅವರ ಅಣ್ಣ.

ಮನೆ ಪಾಲಾದಾಗ ಟ್ರ್ಯಾಕ್ಟರು ಭಾವ ಹಾಲಪ್ಪನವರಿಗೆ ಹೋಯಿತು. ಅದರ ಹಿಂದೆ ಕಟ್ಟಿ ಎಳೆಯುವ, ಮೆಕ್ಕೆಜೋಳದ ತೆನೆ ಮುರಿಯುವ ಮಷೀನು ನಮಗೆ ಬಂತು. ಎಲ್ಲ ಸರಿಸಮ ಹಂಚಿದೆವೆಂದು ಪಂಚರು ಮೀಸೆ ತಿರುವಿ ಎದ್ದು ಹೋದರು. ಟ್ರ್ಯಾಕ್ಟರಿನಿಂದ ಮಷೀನನ್ನು ತಿರುಗಿಸುವ ಶಾಫ್ಟು ಯಾರದೆಂದು ಹೇಳುವುದನ್ನೇ ಮರೆತಿದ್ದರು. "ಅದು ಟ್ರ್ಯಾಕ್ಟರಿಂದು" ಅಂದರು ಭಾವ. "ಮಷೀನಿನ ಜೊತಿಗೆ ಬಂದೈತಿ, ಮಷೀನಿಂದು" ಅಂದರು ನಮ್ಮವರು. ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟರು. ಕೊನೆಗೆ ಅತ್ತೆ, "ಅದು ನಂದು. ಸುಗ್ಗಿಗೆ ಒಯ್ಯಿರಿ, ಮುಗಿದ ಮ್ಯಾಲೆ ಒರೆಸಿ ತಂದಿಡ್ರಿ" ಎಂದು ಮಂಚದ ಕೆಳಗೆ ತಳ್ಳಿಸಿಬಿಟ್ಟರು.

ಮಾತು ಬಿಡಬಹುದು, ಒಣಗಿ ನಿಂತ ತೆನೆ ಬಿಡಲಾಗುತ್ತದೆಯೇ? ಸುಗ್ಗಿಯಲ್ಲಿ ಭಾವ ಟ್ರ್ಯಾಕ್ಟರು ಓಡಿಸಲೇಬೇಕು, ನಮ್ಮವರು ಮಷೀನಿನ ಪಕ್ಕದಲ್ಲಿ ನಡೆಯುತ್ತ ಅದನ್ನು ನೋಡಿಕೊಳ್ಳಲೇಬೇಕು. ಹೇಳಬೇಕಾದ ಮಾತನ್ನೆಲ್ಲ ಯಂತ್ರಗಳಿಗೆ ಹೇಳುತ್ತಿದ್ದರು.

"ಈ ಟ್ರ್ಯಾಕ್ಟರಿಗೆ ಸ್ವಲ್ಪ ನಿಧಾನ ಹೋಗಾಕ ಏನು ರೋಗ?" ಎಂದು ನಮ್ಮವರು ಹಿಂದಿನ ಚಕ್ರವನ್ನು ಕೇಳುತ್ತಿದ್ದರು.

"ಮಷೀನಿಗೆ ನೆಟ್ಟಗೆ ಗ್ರೀಸ್ ಹಚ್ಚಿದ್ರ ಎಲ್ಲಾ ಸರಿ ಹೋಗ್ತೈತಿ" ಎಂದು ಭಾವ ಆಕಾಶಕ್ಕೆ ಉತ್ತರ ಕೊಡುತ್ತಿದ್ದರು.

ವಾರಗಿತ್ತಿ ಕೊಟ್ರಮ್ಮ ಮತ್ತು ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಆದರೆ ಒಳಗೊಳಗೆ ನನಗೆ ಭಯವಿತ್ತು. ತೆನೆ ಎಳೆದುಕೊಳ್ಳುವ ರೋಲರುಗಳ ನಡುವೆ ದಂಟು ಸಿಕ್ಕಿಕೊಂಡರೆ ಮೊದಲು ಇಂಜಿನ್ ನಿಲ್ಲಬೇಕು, ಆಮೇಲೆ ಕೈ ಹಾಕಬೇಕು. ನಿಲ್ಲಿಸು ಅನ್ನಲು ಬಾಯಿ ಬೇಕಲ್ಲ! ಅದಕ್ಕೇ ನಾನು ಜೊತೆಯಲ್ಲಿ ನಡೆಯುತ್ತಿದ್ದೆ. ದಂಟು ಸಿಕ್ಕಿದಾಗಲೆಲ್ಲ ಓಡಿಹೋಗಿ, "ಭಾವಾ, ನಿಲ್ಲಿಸಬೇಕಂತೆ" ಅನ್ನುತ್ತಿದ್ದೆ. ನಾನಿಲ್ಲದಾಗ ಏನಾದೀತು ಎಂಬ ಯೋಚನೆ ಅವರಿಬ್ಬರಿಗೂ ಇರಲಿಲ್ಲ.

ಅವತ್ತು ಬುತ್ತಿ ತರಲು ಮನೆಗೆ ಹೋಗಿದ್ದೆ. ಕೊಟ್ರಮ್ಮನ ಜೊತೆ ಹೊಲದ ಬದುವಿಗೆ ಬಂದಾಗ ಕಂಡದ್ದು, ನಮ್ಮವರು ಓಡುತ್ತಿರುವ ಮಷೀನಿನ ಮೇಲೆ ಬಗ್ಗಿ ದಂಟು ಕೀಳುತ್ತಿದ್ದದ್ದು. ಅವರ ಅಂಗಿಯ ತೋಳು ದಂಟಿನ ಜೊತೆಗೇ ಒಳಗೆ ಹೋಗುತ್ತಿತ್ತು. ಕಿರುಚಿದೆ. ಇಂಜಿನ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಮಷೀನಿನ ಸದ್ದು ಬದಲಾಯಿತೆಂದೋ ಏನೋ, ಭಾವ ತಿರುಗಿ ನೋಡಿದರು. ಇಂಜಿನ್ ಆರಿತು.

"ಲೇ ನಿಂಗಾ! ಕೈ ತಗೀಲೇ, ಕತ್ತೆ!"

ನಾವು ಓಡಿ ತಲುಪುವಷ್ಟರಲ್ಲಿ ಭಾವ ತಮ್ಮನನ್ನು ಹಿಡಿದೆಳೆದಿದ್ದರು. ಅಂಗಿಯ ತೋಳು ಹರಿದು ರೋಲರಿನಲ್ಲೇ ಉಳಿಯಿತು, ಕೈ ಹೊರಗೆ ಬಂತು.

"ಬಾಯಿ ಬಿದ್ದು ಹೋಗಿತ್ತೇನಲೇ? ನಿಲ್ಲಿಸು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಮಾತಾಡಿಸಿದ್ದೀಯೇನು ನನ್ನ?"

"ನಾನ್ಯಾಕ ಮಾತಾಡಿಸ್ಲಿ? ನಾನು ದೊಡ್ಡವನು!"

"ಅದಕ್ಕ ನೀನ ಮೊದಲು ಮಾತಾಡಿಸಬೇಕಿತ್ತು."

ಭಾವನಿಗೆ ಸಿಟ್ಟು ಇನ್ನೂ ಏರಿತು. ಶಾಫ್ಟಿನಿಂದ ಶುರುಮಾಡಿ, ಪಾಲಿನ ದಿನ ತಮ್ಮ ಉಣ್ಣದೆ ಎದ್ದು ಹೋದದ್ದು, ಅದಕ್ಕೂ ಮೊದಲು ಎಂದೋ ಬಾವಿಯಲ್ಲಿ ಹಗ್ಗ ಬೀಳಿಸಿದ್ದು, ಎಲ್ಲವನ್ನೂ ತೆಗೆದು ಬೈದರು. ನಮ್ಮವರು ಒಂದೇ ತೋಳಿನ ಅಂಗಿಯಲ್ಲಿ ಕೂತು, ಹಸಿದವರು ಊಟಕ್ಕೆ ಕೂತಂತೆ ಆ ಬೈಗಳನ್ನು ಕೇಳುತ್ತಿದ್ದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಊಟಕ್ಕೆ ಕರೆಯಲು ಹೊರಟೆ. ಕೊಟ್ರಮ್ಮ ನನ್ನ ಸೆರಗು ಹಿಡಿದು ಎಳೆದಳು.

"ಸುಮ್ಕಿರು. ಬೈಲಿ ಬಿಡು. ಹೊಟ್ಟ್ಯಾಗ ಇಟ್ಕಂಡು ಎಷ್ಟು ದಿನ ಇರ್ತಾರ?"

ಬುತ್ತಿ ಗಂಟು ಬಿಚ್ಚದೆ ಅಲ್ಲೇ ಕೂತೆವು. ಬೈಯುತ್ತಲೇ ಭಾವ ತಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಮುಟ್ಟಿ ನೋಡಿದರು. ಐದೂ ಇದ್ದವು. ಬೈಗಳು ನಿಲ್ಲಿಸದೆ, ಹೆಬ್ಬೆರಳಿನಿಂದ ಮತ್ತೆ ಮುಟ್ಟುತ್ತ ಬಂದರು.