ಪಖವಾಜಿನ ಕಣಕ

ಗುರುಬಾಯಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವ ನೀರು ಬೆರೆಸಿದರೆ ಜಗಳ ತೆಗೆಯುತ್ತಿದ್ದಳು. ಬೆರೆಸದೆ ತಂದ ದಿನ, ಇವತ್ತು ಯಾಕೆ ಬೆರೆಸಿಲ್ಲ, ಇದರಲ್ಲಿ ಏನೋ ಮಸಲತ್ತಿದೆ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಳ್ಳುತ್ತಿದ್ದಳು. ಬಸವಕಲ್ಯಾಣದ ಕಡೆಯಿಂದ ನಿಲಂಗಾಕ್ಕೆ ಸೊಸೆಯಾಗಿ ಬಂದವಳು, ಗಂಡ ತೀರಿಹೋದ ಮೇಲೆ ಊರಾಚೆಯ ಸಂಗೀತ ಶಾಲೆಯ ವಸತಿಗೃಹದಲ್ಲಿ ಅಡುಗೆಗೆ ನಿಂತಿದ್ದಳು. ಅಲ್ಲಿಂದ ಒಂಬತ್ತು ವರ್ಷ, ಹಿಟ್ಟಿನ ಡಬ್ಬದ ಕೀಲಿ ಆಕೆಯ ಸೆರಗಿನ ಗಂಟು ಬಿಟ್ಟು ಇಳಿದಿರಲಿಲ್ಲ.

ಆ ಶಾಲೆ ಹುಟ್ಟಿದ್ದು ಆ ಭಾಗದ ಹಳ್ಳಿಗಳನ್ನು ಕೆಡವಿದ ಭೂಕಂಪದ ಮರುವರ್ಷ. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳು ಹಾಡು, ಮೃದಂಗದಂಥ ಪಖವಾಜ ಕಲಿತು ಬದುಕಿಕೊಳ್ಳಲಿ ಎಂದು ಸರ್ಕಾರ ಎರಡು ತಗಡಿನ ಶೆಡ್ಡು, ಊಟದ ಅನುದಾನ, ಮಾಸ್ತರರಿಗೆ ಗೌರವಧನ ಕೊಟ್ಟಿತ್ತು. ಹನ್ನೆರಡು ವರ್ಷ ಕಳೆಯಿತು. ಆ ಮಕ್ಕಳು ದೊಡ್ಡವರಾಗಿ ಹೋದರು, ಬೇರೆ ಬಡವರ ಮಕ್ಕಳು ಬಂದರು. ಒಬ್ಬ ಸಾಹೇಬ ಬಂದು ನೋಡಿ, ಭೂಕಂಪ ಹಳೆಯದಾಯಿತು ಎಂದು ಬರೆದುಕೊಂಡು ಹೋದ. ಊಟದ ಅನುದಾನ ಅರ್ಧವಾಯಿತು, ಗೌರವಧನ ನಿಂತೇಹೋಯಿತು. ಹಸಿವೂ ಹಳೆಯದಾಗುತ್ತದೆ ಎಂದು ಆ ಪುಣ್ಯಾತ್ಮನಿಗೆ ಯಾರು ಹೇಳಿದ್ದರೋ.

ಕಾರ್ಯದರ್ಶಿ ದಿಗಂಬರ ಒಂದು ಸೋಮವಾರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಗುರುಬಾಯಿ, ಇನ್ಮ್ಯಾಲೆ ತಲೀಗಿ ಎರಡೇ ಚಪಾತಿ. ಶಾಲ್ಯಾಗಿಂದ ಒಬ್ಬರನ್ನ ಕಮ್ಮಿ ಮಾಡ್ರಿ ಅಂತ ಮ್ಯಾಲಿಂದ ಕಾಗದ ಬಂದದ. ಸುಮ್ಮ ತೆಗೀಲಿಕ್ಕಿ ಬರಂಗಿಲ್ಲ, ಕಾರಣ ಬೇಕು. ಯಾರರೆ ಕಳವು ಮಾಡಿದ್ದು ಕಂಡ್ರ ನನಗ ಹೇಳು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗುರುಬಾಯಿ ಅಂದಿನಿಂದಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು.

ಕಳ್ಳರ ಸುಳಿವು ಸಿಕ್ಕಿದ್ದು ಪಕ್ಕದ ಮನೆಯ ಮಲಕಮ್ಮನಿಂದ. ಪಖವಾಜಿನ ಎಡ ಮುಖಕ್ಕೆ ನಾದಿದ ಗೋಧಿ ಹಿಟ್ಟು ಮೆತ್ತದಿದ್ದರೆ ಗಂಭೀರ ನಾದ ಬರುವುದಿಲ್ಲ. ಅದಕ್ಕೆ ಕಣಕ ಎನ್ನುತ್ತಾರೆ. ದಿನಾ ಬೆಳಿಗ್ಗೆ ಮೂರು ಪಖವಾಜಿಗೆ ಮೂರು ಮುದ್ದೆ ಕಣಕ ಅಡುಗೆಮನೆಯಿಂದ ಹೋಗಬೇಕು. ಬೆಳಗಿನ ಪಾಠ ಮುಗಿದ ಮೇಲೆ ಕೆರೆದು ತೆಗೆದದ್ದನ್ನು ಮಲಕಮ್ಮನ ಎಮ್ಮೆಗೆ ಹಾಕುವುದು ರೂಢಿ. ಆ ಮಲಕಮ್ಮ ಗೋಡೆಯ ಮೇಲಿಂದ ಕೇಳಿದಳು. "ನಮ್ಮ ಎಮ್ಮಿ ಮ್ಯಾಲೆ ಏನರೆ ಸಿಟ್ಟದ ಏನವಾ? ಎರಡು ತಿಂಗಳಾತು, ಕಣಕ ಬರವಲ್ದು."

ಕಣಕ ಒಯ್ಯುವವಳು, ತಿರುಗಿ ಕೆರೆಯುವವಳು ಇಬ್ಬರೂ ಒಬ್ಬಳೇ, ದಾಳಿಂಬ ಊರಿನ ಕಾಜಲ್. ಹದಿನಾರರ ಹುಡುಗಿ, ಪಖವಾಜ ಕಲಿಯುವವರಲ್ಲಿ ಅವಳೊಬ್ಬಳೇ ಹೆಣ್ಣು. ಇನ್ನೊಂದು ತಿಂಗಳಿಗೆ ಪರೀಕ್ಷೆ. ಪಾಸಾದರೆ ಕಲಿಸುವ ಕೆಲಸ ಸಿಗುತ್ತದೆ. ಅದಕ್ಕೆ ಮೊದಲೇ ಊರಿಗೆ ಬಂದರೆ ಮದುವೆ ಮಾಡಿಬಿಡುತ್ತೇನೆ ಎಂದು ತಾಯಿ ಕಾಂತಾಬಾಯಿ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು.

"ಕೆರೆದಿದ್ದ ಕಣಕ ಎಲ್ಲಿ ಹೋಗ್ತದ?" ಗುರುಬಾಯಿ ಕೇಳಿದಳು.

"ಹಿಂದಿನ ಖೋಲ್ಯಾಗ ಬೋಗೋಣಿಗಿ ಹಾಕ್ತೀನ್ರಿ."

"ಅಲ್ಲಿಂದ?"

ಕಾಜಲ್ ನೆಲ ನೋಡಿದಳು. "ನಾಳಿಂದ ಮುದ್ದಿ ಜರಾ ದೊಡ್ಡದು ಕೊಡ್ರಿ, ನಾದ ಬರವಲ್ದು" ಅಂದಳು.

ಇನ್ನೇನು ಬೇಕು? ಗುರುಬಾಯಿ ನೆಟ್ಟಗೆ ಹೋಗಿ ದಿಗಂಬರನ ಕಿವಿಗೆ ಹೆಸರು ಹಾಕಿದಳು. ಶನಿವಾರದೊಳಗೆ ಪುರಾವೆ ಕೊಡು, ಅವತ್ತೇ ಊರಿಗೆ ಕಳಿಸುತ್ತೇನೆ ಎಂದ ಅವನು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಆಕೆಯ ಅತ್ತೆ ಮಾತಿಗೊಮ್ಮೆ ಅನ್ನುತ್ತಿದ್ದಳು. ಶುಕ್ರವಾರ ಗುರುಬಾಯಿ ಕಣಕಕ್ಕೆ ಎರಡು ಹಿಡಿ ಉಪ್ಪು ಹಾಕಿ ನಾದಿದಳು. ಮಧ್ಯಾಹ್ನದ ಪಾಠದ ಹೊತ್ತಿಗೆ ಮೊರದ ತುಂಬ ತೊಗರಿಬೇಳೆ ಹಿಡಿದು ಶೆಡ್ಡಿನ ಬಾಗಿಲಲ್ಲಿ, ನೀರಿನ ಕೊಡಕ್ಕೆ ಎದುರಾಗಿ ಕೂತಳು. ಕಾಜಲಳ ಮೇಲೆ ಇಟ್ಟ ಕಣ್ಣು ತೆಗೆಯಲಿಲ್ಲ.

ಕಾಜಲ್ ಕೂತಲ್ಲಿಂದ ಏಳಲೇ ಇಲ್ಲ. ಎದ್ದವರು ಪಖವಾಜ ಕಲಿಸುವ ರಾಚಯ್ಯ ಮಾಸ್ತರು. ಜಳಕೋಟದ ಜಂಗಮ, ಅರವತ್ತು ದಾಟಿದ ಆಸಾಮಿ. ಮನೆಮನೆ ಭಿಕ್ಷೆಯನ್ನು ಹರೆಯದಲ್ಲೇ ಬಿಟ್ಟು, ಕೈಯಿಂದ ಬಾರಿಸಿ ಉಣ್ಣುತ್ತೇನೆ ಎಂದು ಹೊರಟವರು. ಶೆಡ್ಡಿನ ಹಿಂದಿನ ಖೋಲಿಯಲ್ಲೇ ಇದ್ದು ಬೇಯಿಸಿಕೊಳ್ಳುತ್ತಿದ್ದರು. ಊಟಕ್ಕೆ ಕರೆದರೆ, ಅದು ಮಕ್ಕಳ ಪಾಲಿಂದು ಎಂದು ಒಮ್ಮೆಯೂ ಬಂದಿರಲಿಲ್ಲ. ಅವರು ಒಂದು ಚಂಬು ನೀರು ಕುಡಿದರು. ತಾಳ ಹೇಳಿಕೊಡುತ್ತಾ ಮತ್ತೊಂದು ಕುಡಿದರು. ಮೂರನೆಯದಕ್ಕೆ ಗುರುಬಾಯಿಯ ಮೊರ ನಿಂತಿತು.

ಆಕೆ ಎದ್ದು ಹಿಂದಿನ ಖೋಲಿಗೆ ಹೋದಳು. ಒಲೆಯ ಮೇಲೆ ಹಂಚಿನಲ್ಲಿ ಅರ್ಧ ದಪ್ಪ ರೊಟ್ಟಿ ಉಳಿದಿತ್ತು, ಬಾರಿಸಿದ ಕೈಗಳ ಕೊಳೆ ಹತ್ತಿ ಕಪ್ಪಾಗಿತ್ತು. ಡಬ್ಬಗಳನ್ನು ತೆರೆದು ನೋಡಿದರೆ ಒಂದರಲ್ಲೂ ಕಾಳಿಲ್ಲ. ಒಂದು ಚೂರು ಮುರಿದು ಬಾಯಿಗೆ ಇಟ್ಟಳು, ಉಪ್ಪು ತಡೆಯಲಾಗದೆ ಉಗುಳಿದಳು. ಅಂಥದ್ದನ್ನು ಆ ಮನುಷ್ಯ ಅರ್ಧ ತಿಂದಿದ್ದರು. ಗುರುಬಾಯಿಗೆ ತನ್ನ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಅಲ್ಲೇ ಗೋಡೆಗೆ ಒರಗಿ ಅತ್ತಳು.

ಶನಿವಾರ ದಿಗಂಬರ ಕಾಗದ ಹಿಡಿದು ಬಂದ. ಕಾಜಲಳನ್ನು ಅಂಗಳಕ್ಕೆ ಕರೆಸಿ ನಿಲ್ಲಿಸಿದ.

"ಕಳ್ಳರು ಯಾರೂ ಇಲ್ರಿ. ನನ್ನ ಲೆಕ್ಕ ತಪ್ಪ್ಯದ" ಅಂದಳು ಗುರುಬಾಯಿ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಕೆಯ ಬಾಯಿಂದ ಬಂದದ್ದು.

ದಿಗಂಬರ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ಮೊನ್ನಿ ಹೆಸರು ಹೇಳ್ದಿ, ಇವತ್ತ ಇಲ್ಲಂತಿ. ಆಕಿ ಕೂಡ ನಿಂದೂ ಪಾಲದ ಏನು?"

ಊರೆಲ್ಲರನ್ನೂ ಅನುಮಾನಿಸಿದವಳಿಗೆ ಅನುಮಾನದ ಕಣ್ಣು ಮೈಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಆದರೂ ಕಾಜಲಳ ಮುಖ ನೋಡಿ ಗಟ್ಟಿ ಮನಸ್ಸು ಮಾಡಿದಳು. "ಹೌದ್ರಿ. ನಾನೇ ತಿಂದೀನಿ. ಹಸಿವಿತ್ತು, ತಿಂದೆ."

ಶೆಡ್ಡಿನೊಳಗೆ ಪಖವಾಜ ನಿಂತಿತು. ರಾಚಯ್ಯ ಹೆಗಲ ಮೇಲಿನ ಟವೆಲಿಗೆ ಕೈ ಒರೆಸುತ್ತಾ ಹೊರಗೆ ಬಂದರು, ಅವರ ಹಿಂದೆ ಮಕ್ಕಳೂ ಬಂದರು.

"ಆಕಿ ಸುಳ್ಳು ಹೇಳ್ಲಿಕತ್ಯಾಳ. ತಿಂದಾಂವ ನಾ" ಅಂದರು. "ಹುಡುಗಿಗಿ ಗೊತ್ತಿತ್ತು. ನನ್ನ ಮರ್ಯಾದಿ ಸಲುವಾಗಿ ಬಾಯಿ ಮುಚ್ಕೊಂಡು ನಿಂತಾಳ."

ದಿಗಂಬರ ತಡವರಿಸಿದ. "ನನಗ ಒಂದು ಮಾತು ಹೇಳ್ಬಾರದೇನ್ರಿ ಮಾಸ್ತರ?"

"ಎಂಟು ತಿಂಗಳು ನಿಮ್ಮ ಬಾಗಲಿಗಿ ಬಂದು ಹೇಳೀನಿ. ಗೌರವಧನದ ಮಾತು ನಿಮಗ ಕೇಳಸಲಿಲ್ಲ. ಹಿಟ್ಟಿನ ಮಾತು ಕೇಳಸ್ತು."

ದಿಗಂಬರ ಕಿಸೆಯಿಂದ ಪೆನ್ನು ತೆಗೆದ. ಕಾಗದಕ್ಕೆ ಒಂದು ಹೆಸರು ಬೇಕಿತ್ತು, ಒಂದು ಕಾರಣ ಬೇಕಿತ್ತು. ಎರಡೂ ಎದುರಿಗೇ ನಿಂತಿದ್ದವು, ಬರೆದುಕೊಂಡ. ಎಂಟು ತಿಂಗಳಿಂದ ಒಂದು ಪೈಸೆಯೂ ಪಡೆಯದವರನ್ನು ತೆಗೆದುಹಾಕಿ ಸರ್ಕಾರ ಏನು ಉಳಿಸಿತೋ ಶಿವನೇ ಬಲ್ಲ.

ಸೋಮವಾರ ರಾಚಯ್ಯ ಉದಗೀರದ ಬಸ್ಸು ಹತ್ತಿದರು. ಗುರುಬಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಬೇಡ ಅನ್ನದೆ ತೆಗೆದುಕೊಂಡರು. ಅಲ್ಲಿಯವರೆಗೆ ಅವರು ಯಾರ ಕೈಯಿಂದಾದರೂ ಅನ್ನ ಇಸಿದುಕೊಂಡದ್ದನ್ನು ಆಕೆ ಕಂಡಿರಲಿಲ್ಲ. ಕೊಡಬೇಕಾದದ್ದನ್ನು ಕೊಟ್ಟ ಸಮಾಧಾನವೂ ಆಕೆಗೆ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ಹದಿನೈದು ಮಕ್ಕಳೂ ಶೆಡ್ಡಿನಲ್ಲಿ ಕೂತಿದ್ದರು. ಮಕ್ಕಳ ಪಟ್ಟಿಯಿಂದ ಒಂದು ಹೆಸರೂ ಹೋಗಿರಲಿಲ್ಲ. ಕಾಜಲ್ ಬರಿಗೈಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಬಾಯಿ, ಪರೀಕ್ಷಾಕ್ಕ ಇನ್ನ ಇಪ್ಪತ್ತಾರು ದಿನ ಅದ" ಅಂದಳು. "ಯಾರ ಮುಂದ ಕುಂತು ಬಾರಸ್ಲಿ?"