ಪಕ್ಕದ ತಟ್ಟೆಯ ರಸ

"ಅತ್ತಿಗೆ, ಅದನ್ನ ಚೆಲ್ಲಬೇಡಿ."

ಹಸಿರು ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಿದ್ದ ಅತ್ತಿಗೆಯ ಕೈ ಅಲ್ಲೇ ನಿಂತಿತು. ನಾದಿನಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ನಡುಮನೆಯಲ್ಲಿ ಅವಳ ಅಣ್ಣನ ದೇಹವಿತ್ತು; ಮಸಣಕ್ಕೆ ಒಯ್ಯುವ ವ್ಯಾನು ಇನ್ನೇನು ಬರುವುದರಲ್ಲಿತ್ತು. ಗಂಡ ಹೆಣವಾಗಿ ಮಲಗಿರುವಾಗ ಯಾವ ಹೆಂಗಸಿಗೆ ಫ್ರಿಜ್ ಚೊಕ್ಕಟ ಮಾಡುವ ನೆನಪಾಗುತ್ತದೆ?

"ಹಳೇ ರಸ. ಕೆಟ್ಟಿರುತ್ತೆ," ಎಂದಳು ಅತ್ತಿಗೆ, ಮುಖ ತಿರುಗಿಸದೆ.

ಅತ್ತಿಗೆಗೆ ಪ್ರಯೋಗಾಲಯದಲ್ಲಿ ಕೆಲಸ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಜೀವಕೋಶಗಳಿಗೆ ಗಿಡಗಳ ಸತ್ವ ಹಾಕಿ, ಮರೆವು ತರುವ ಉರಿಯೂತ ಇಳಿಯುತ್ತದೆಯೇ ಎಂದು ನೋಡುವುದು. ಅದನ್ನೇ ಕದ್ದು ತಂದು ಕುಡಿಸಿ, ಹೆಚ್ಚುಕಮ್ಮಿಯಾಗಿ... ರಾತ್ರಿ ಉಂಡು ಮಲಗಿದ ಅಣ್ಣ ಬೆಳಗ್ಗೆ ಏಳಲಿಲ್ಲವಲ್ಲ. ತಾನೊಂದು ಮಾತು ಬಾಯಿಬಿಟ್ಟರೆ ಸಾಕು, ವ್ಯಾನು ಪೋಸ್ಟ್‌ಮಾರ್ಟಂಗೆಂದು ಆಸ್ಪತ್ರೆಯ ಕಡೆ ತಿರುಗುತ್ತದೆ.

ನಡುಮನೆಯಲ್ಲಿ ಅಣ್ಣ ಓಡಿಸುತ್ತಿದ್ದ ಬಸ್ಸಿನ ಕಂಡಕ್ಟರು ಯಾರಿಗೋ ಹೇಳುತ್ತಿದ್ದ: "ಒಂದಿನ ಬಸ್ಸನ್ನ ಸೀದಾ ಈ ಬೀದಿಗೇ ತಂದ್ಬಿಟ್ರು. ಜನ ಎಲ್ಲಾ ಒಳಗೇ ಇದ್ದಾರೆ. ಇಂಜಿನ್ ಆಫ್ ಮಾಡಿ, 'ಬನ್ನಿ, ಮನೇಲಿ ಟೀ ಕುಡ್ಕೊಂಡು ಹೋಗೋಣ' ಅಂದ್ರು."

ಯಾರೋ ನಗಲು ಹೋಗಿ ತಡೆದುಕೊಂಡರು.

*

ಆ ದಿನವೇ ಅಣ್ಣನ ಮರೆವು ಬಯಲಾದದ್ದು. ಮರೆವಿನ ಬೆನ್ನಿಗೇ ಅನುಮಾನವೂ ಬಂತು. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಿದ್ದ. ಹೆಂಡತಿ ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸುವವರೆಗೂ ಅವನು ಲೋಟ ಮುಟ್ಟುತ್ತಿರಲಿಲ್ಲ.

ಆಗ ಅತ್ತಿಗೆಯ ಬೆನ್ನು ಹತ್ತಿದವಳು ನಾದಿನಿಯೇ.

"ಲ್ಯಾಬಿಂದ ಒಂದು ಬಾಟಲಿ ತನ್ನಿ. ಯಾರಿಗೂ ಗೊತ್ತಾಗಲ್ಲ."

"ಅದನ್ನ ಇನ್ನೂ ಯಾವ ಮನುಷ್ಯರಿಗೂ ಕೊಟ್ಟಿಲ್ಲಮ್ಮ."

"ನಿಮ್ಮಪ್ಪನಿಗೆ ಹೀಗಾಗಿದ್ರೆ ತರ್ತಿದ್ರಿ."

ಮುಂದಿನ ವಾರ ಫ್ರಿಜ್ಜಿನಲ್ಲಿ ಹಸಿರು ಬಾಟಲಿ ಕಾಣಿಸಿಕೊಂಡಿತು. ನಾದಿನಿ ಏನೂ ಕೇಳಲಿಲ್ಲ. ಸದ್ಯ, ತಂದಳಲ್ಲ ಎಂದು ಒಳಗೊಳಗೇ ಖುಷಿಪಟ್ಟಳು.

*

"ಇದು ಲ್ಯಾಬಿಂದೇ ತಾನೆ? ನಿಜ ಹೇಳಿ. ಇಲ್ದಿದ್ರೆ ಅಣ್ಣನ್ನ ಎತ್ತೋಕೆ ಬಿಡಲ್ಲ." ನಾದಿನಿ ಬಾಟಲಿ ಕಸಿದುಕೊಂಡಳು.

"ಅಲ್ಲ. ಮಾರ್ಕೆಟ್ಟಿನ ಸೊಪ್ಪಿನ ರಸ." ಅತ್ತಿಗೆಯ ದನಿ ತಗ್ಗಿತು. "ನಾವು ಒಂದು ತಟ್ಟೆಗೆ ಔಷಧಿ ಹಾಕಿದ್ರೆ, ಪಕ್ಕದ ತಟ್ಟೆಗೆ ಬರೀ ಬಣ್ಣದ ನೀರು ಹಾಕ್ತೀವಿ, ಹೋಲಿಸಿ ನೋಡೋಕೆ. ನಿಮ್ಮಣ್ಣನಿಗೆ ಕೊಟ್ಟಿದ್ದೂ ಆ ಪಕ್ಕದ ತಟ್ಟೆದರ ಹಾಗೆ, ಔಷಧಿ ಇಲ್ಲದ್ದು. ಲ್ಯಾಬಿನ ಔಷಧಿ ಅಂತ ಅವರಿಗೆ ಸುಳ್ಳು ಹೇಳಿದೆ. ನಂಬ್ಕೊಂಡು ಕುಡೀತಿದ್ರು, ಊಟಾನೂ ಮಾಡ್ತಿದ್ರು. ಆ ಮೋಸ ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಅಂತ ಚೆಲ್ಲೋಕೆ ಬಂದೆ."

ಅನುಮಾನ ಹೋಗಲಿಲ್ಲ, ಮಗ್ಗುಲು ಬದಲಿಸಿತು ಅಷ್ಟೆ. "ಅಂದ್ರೆ ಔಷಧಿ ಕೈಯಲ್ಲೇ ಇದ್ರೂ ಕೊಡ್ಲಿಲ್ಲ."

"ಉರಿಯೂತ ಇಳಿಯೋವಷ್ಟು ಹಾಕಿದ್ರೆ ತಟ್ಟೇಲಿ ಚೆನ್ನಾಗಿರೋ ಕೋಶಗಳೂ ಸಾಯ್ತಿದ್ವು. ಅದನ್ನ ಅವರ ಬಾಯಿಗೆ ಹಾಕ್ಲಾ?"

ಇದನ್ನಾದರೂ ನಂಬುವುದು ಹೇಗೆ? ನಾದಿನಿ ಬಾಟಲಿ ಮೂಸಿದಳು. ಸೊಪ್ಪಿನದೇ ವಾಸನೆ. ಆದರೆ ಲ್ಯಾಬಿನದೂ ಗಿಡದ್ದೇ ಅಲ್ಲವೇ?

ಹೊರಗೆ ವ್ಯಾನು ಬಂದು ನಿಂತಿತು. "ಅಮ್ಮಾ, ಹೊತ್ತಾಯ್ತು," ಎಂದು ಕಂಡಕ್ಟರು ಕರೆದ. ನಾದಿನಿ ಬಾಗಿಲು ಬಿಟ್ಟು ಕದಲಲಿಲ್ಲ.

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಅದೇ ಬಿಗಿದ ತುಟಿ, ಅದೇ ಓರೆನೋಟ, ಥೇಟ್ ಅಣ್ಣನದು. ಬಾಟಲಿ ಇಸಿದುಕೊಂಡು ಗಂಡನ ಸ್ಟೀಲ್ ಲೋಟಕ್ಕೆ ಬಗ್ಗಿಸಿದಳು. ಒಂದು ಗುಟುಕು ಕುಡಿದಳು. ಬಾಯಿ ತೆರೆದು ತೋರಿಸಿದಳು. ಆಮೇಲೆ ಲೋಟದ ಅಂಚನ್ನು ಬೆರಳಿನಿಂದ ಒರೆಸಿ ನಾದಿನಿಯ ಕಡೆ ಚಾಚಿದಳು.